ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಸ್ವೀಡಿಷ್ ಕೇಳುತ್ತದೆ: ಒಬ್ಬ ಅನುವಾದಕಿಯ ಅನುಭವ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ನೆಲೆಸಿ, ಇಂಗ್ಲಿಷಿನಿಂದ ಸ್ವೀಡಿಷ್‌ಗೆ ಅನುವಾದ ಮಾಡುವುದನ್ನು ನಾನು ವೃತ್ತಿಯಾಗಿ ಮಾಡಿಕೊಂಡಿದ್ದೇನೆ. ನನ್ನ ಮೇಜಿಗೆ ಬರುವುದು ಕಾವ್ಯವೂ ಅಲ್ಲ, ಕಾನೂನೂ ಅಲ್ಲ. ಮಿಕ್ಸರ್, ಟೆಂಟು, ಮಕ್ಕಳ ಕುರ್ಚಿಗಳ ಜೊತೆ ಕೊಡುವ ಕೈಪಿಡಿಗಳು, ಮೊಬೈಲ್ ಆ್ಯಪ್‌ಗಳ ಪರದೆಯ ಮೇಲೆ ಕಾಣುವ ಸಾಲುಗಳು, ಗ್ರಾಹಕರ ಅಭಿಪ್ರಾಯ ಕೇಳುವ ಪ್ರಶ್ನಾವಳಿಗಳು, ಔಷಧಿಯ ಡಬ್ಬಿಯೊಳಗಿನ ಮಾಹಿತಿ ಚೀಟಿಗಳು, ಅಪರೂಪಕ್ಕೊಂದು ಮಕ್ಕಳ ಚಿತ್ರಪುಸ್ತಕ, ಇಷ್ಟೇ. ಈ ಕೆಲಸಕ್ಕೆ ಹೊಸದಾಗಿ ಬರುವವರು ಕಷ್ಟವೆಲ್ಲ ಪಾರಿಭಾಷಿಕ ಪದಗಳಲ್ಲಿದೆ ಎಂದು ಭಾವಿಸುತ್ತಾರೆ. ಆದರೆ ಪಾರಿಭಾಷಿಕ ಪದಕ್ಕೆ ಸಾಮಾನ್ಯವಾಗಿ ಒಂದು ಗೊತ್ತಾದ ಸಮಾನ ಪದವಿರುತ್ತದೆ, ಅದನ್ನು ಹುಡುಕಿ ತೆಗೆದರೆ ಕೆಲಸ ಮುಗಿಯಿತು. ಥಿಂಕ್, ನೋ, ಗೋ, ಪುಟ್, ಡೇ, ಅಂಕಲ್ ಮುಂತಾದ, ಇಂಗ್ಲಿಷ್ ಕಲಿತ ಮೊದಲ ವರ್ಷದಲ್ಲೇ ಬಾಯಿಪಾಠವಾಗುವ ಪದಗಳೇ ನನ್ನ ಹೆಚ್ಚಿನ ಸಮಯವನ್ನು ತಿನ್ನುತ್ತವೆ.

ಅನುವಾದಕರು ತಮ್ಮ ಮಾತೃಭಾಷೆಗೆ ಮಾತ್ರ ಅನುವಾದಿಸಬೇಕು ಎಂಬುದು ಈ ವೃತ್ತಿಯ ಹಳೆಯ ರೂಢಿ. ಕನ್ನಡ ಮನೆಮಾತಾಗಿರುವ ನಾನು ಸ್ವೀಡಿಷ್‌ಗೆ ಅನುವಾದಿಸುವುದು ಆ ರೂಢಿಗೆ ಹೊರತಾದದ್ದು. ಆದ್ದರಿಂದ ನನ್ನ ಪ್ರತಿಯೊಂದು ಪಠ್ಯವನ್ನೂ ಸ್ವೀಡಿಷ್ ಮಾತೃಭಾಷೆಯ ಸಹೋದ್ಯೋಗಿಯೊಬ್ಬರು ಮೂಲದೊಂದಿಗೆ ಹೋಲಿಸಿ ಓದುತ್ತಾರೆ. ಅನುವಾದ ಸೇವೆಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 17100 ಎರಡನೆಯ ವ್ಯಕ್ತಿಯಿಂದ ಪರಿಷ್ಕರಣೆ ಆಗಲೇಬೇಕೆಂದು ವಿಧಿಸುವುದರಿಂದ, ಇದು ನನ್ನೊಬ್ಬಳಿಗೆ ಕೊಟ್ಟ ಊರುಗೋಲೇನೂ ಅಲ್ಲ. ಅದಲ್ಲದೆ, ಸ್ವೀಡಿಷ್ ಹುಟ್ಟುಭಾಷೆಯಾದವರಿಗೆ ಯೋಚಿಸದೆಯೇ ಬರುವ ಆಯ್ಕೆಗಳನ್ನು ನಾನು ಯೋಚಿಸಿಯೇ ಮಾಡಬೇಕಾಗಿರುವುದರಿಂದ, ಆಯ್ಕೆ ಎಲ್ಲಿದೆ ಎಂಬುದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ನಾನು ಕಂಡುಕೊಂಡ ವಿಧಾನ ಸರಳವಾದದ್ದು. ಇಂಗ್ಲಿಷಿನ ದಿನಬಳಕೆಯ ಪದಗಳು ಬಹಳ ಅಗಲ. ಅದೇ ಅರ್ಥದ ಜಾಗವನ್ನು ಸ್ವೀಡಿಷ್ ಎರಡು, ಮೂರು, ಕೆಲವೊಮ್ಮೆ ನಾಲ್ಕು ಪಾಲು ಮಾಡಿಕೊಂಡಿರುತ್ತದೆ. ಹೀಗಾಗಿ ಮೂಲದ ಲೇಖಕರು ಹೇಳದೇ ಬಿಟ್ಟದ್ದನ್ನು ಹೇಳದ ಹೊರತು ಸ್ವೀಡಿಷ್ ವಾಕ್ಯ ಪೂರ್ಣವಾಗುವುದಿಲ್ಲ. ಆದ್ದರಿಂದ ನಿಘಂಟನ್ನು ತೆರೆಯುವ ಮೊದಲು, ಈ ವಾಕ್ಯದ ಬಗ್ಗೆ ಸ್ವೀಡಿಷ್ ನನ್ನನ್ನು ಏನೇನು ಕೇಳಲಿದೆ ಎಂದು ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಆ ಪ್ರಶ್ನೆಗಳನ್ನು ಗುರುತಿಸಲು ಕನ್ನಡ ನನಗೆ ಒರೆಗಲ್ಲಾಗಿದೆ, ಏಕೆಂದರೆ ಅವುಗಳಲ್ಲಿ ಹಲವನ್ನು ಕನ್ನಡವೂ ಕೇಳುತ್ತದೆ. ಎಲ್ಲವನ್ನೂ ಕೇಳುವುದಿಲ್ಲ ಎಂಬುದನ್ನೂ ನೆನಪಿಡಬೇಕು. (ಮುಂದೆ ಬರುವ ಸ್ವೀಡಿಷ್ ಪದಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಮಾತ್ರ ಕೊಟ್ಟಿದ್ದೇನೆ, ಆ ಭಾಷೆಯ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ.)

ಪ್ರಶ್ನಾವಳಿಗಳಲ್ಲಿ ಸಾಲುಸಾಲಿಗೂ ಬರುವ ಥಿಂಕ್ ಎಂಬ ಕ್ರಿಯಾಪದವನ್ನು ನೋಡೋಣ. ಸ್ವೀಡಿಷ್‌ನಲ್ಲಿ ಇದಕ್ಕೆ ಟ್ಯುಕಾ, ಟ್ರೂ, ಟೆಂಕಾ ಎಂಬ ಮೂರು ಪದಗಳಿವೆ. ಅನುಭವದಿಂದ ಮೂಡಿದ ಅಭಿಪ್ರಾಯಕ್ಕೆ ಟ್ಯುಕಾ, ಖಚಿತವಿಲ್ಲದ ಊಹೆಗೆ ಅಥವಾ ನಂಬಿಕೆಗೆ ಟ್ರೂ, ಯೋಚಿಸುವ ಕ್ರಿಯೆಗೆ ಅಥವಾ ಏನನ್ನಾದರೂ ಮಾಡುವ ಉದ್ದೇಶಕ್ಕೆ ಟೆಂಕಾ. ಒಂದು ಸಿನಿಮಾ ಚೆನ್ನಾಗಿದೆ ಎನ್ನುವಾಗ, ಅದನ್ನು ನೋಡಿ ಬಂದವರು ಟ್ಯುಕಾ ಬಳಸುತ್ತಾರೆ, ಇನ್ನೂ ನೋಡದವರು ಟ್ರೂ ಬಳಸುತ್ತಾರೆ; ಇಂಗ್ಲಿಷಿನಲ್ಲಿ ಇಬ್ಬರೂ ಒಂದೇ ಮಾತು ಹೇಳಿ ಸುಮ್ಮನಾಗಬಹುದು. ಕನ್ನಡದಲ್ಲಿ ನೋಡಿ ಬಂದವರು ‘ಚೆನ್ನಾಗಿದೆ ಅನಿಸಿತು’ ಎಂದರೆ, ನೋಡದವರು ‘ಚೆನ್ನಾಗಿರಬಹುದು’ ಎನ್ನುತ್ತಾರೆ. ಇಷ್ಟಕ್ಕೇ ನಂಬಿ ಅನಿಸು ಎಂದರೆ ಟ್ಯುಕಾ ಎಂದು ಲೆಕ್ಕ ಹಾಕಿಕೊಳ್ಳುವಂತಿಲ್ಲ. ‘ಸಂಜೆ ಮಳೆ ಬರುತ್ತದೆ ಅನಿಸುತ್ತದೆ’ ಎಂಬಲ್ಲಿ ಅನಿಸುವುದು ಊಹೆ, ಅಲ್ಲಿ ಟ್ರೂ ಮಾತ್ರ ಸಲ್ಲುತ್ತದೆ. ಆದ್ದರಿಂದ ನಾನು ಪದವನ್ನು ಬಿಟ್ಟು ಸನ್ನಿವೇಶವನ್ನು ವಿಚಾರಿಸುತ್ತೇನೆ: ಮಾತನಾಡುತ್ತಿರುವವರು ಅದನ್ನು ನೋಡಿದ್ದಾರೆಯೇ, ತಿಂದಿದ್ದಾರೆಯೇ, ಬಳಸಿದ್ದಾರೆಯೇ? ಒಂದು ಉಪಕರಣದಿಂದ ಅನುಕೂಲವಾಗುತ್ತದೆಯೇ ಎಂದು ಕೇಳುವ ಪ್ರಶ್ನಾವಳಿ ಬಂದರೆ, ಅದು ಗ್ರಾಹಕರ ಕೈಸೇರುವುದು ಕೊಳ್ಳುವ ಮೊದಲೋ ಬಳಸಿದ ನಂತರವೋ ಎಂದು ಕಂಪನಿಯವರನ್ನು ಕೇಳಿಯೇ ಮುಂದುವರಿಯುತ್ತೇನೆ. ಟ್ಯುಕಾ ಕ್ರಿಯಾಪದದ ಹಿಂದೆ ಓಮ್ ಎಂಬ ಪುಟ್ಟ ಪದ ಸೇರಿ, ಉಚ್ಚಾರದ ಒತ್ತು ಆ ಓಮ್ ಮೇಲೆ ಬಿದ್ದರೆ ಅರ್ಥ ‘ಇಷ್ಟಪಡು’ ಎಂದಾಗುತ್ತದೆ. ಒತ್ತು ಟ್ಯುಕಾ ಮೇಲೆಯೇ ಉಳಿದರೆ ‘ಅದರ ಬಗ್ಗೆ ಅಭಿಪ್ರಾಯವಿರು’ ಎಂದಾಗುತ್ತದೆ. ಬರಹದಲ್ಲಿ ಒತ್ತು ಕಾಣಿಸುವುದಿಲ್ಲವಾದ್ದರಿಂದ, ಪ್ರಶ್ನಾವಳಿಯ ಒಂಟಿ ಸಾಲುಗಳಲ್ಲಿ ‘ಇಷ್ಟಪಡು’ ಎಂಬುದಕ್ಕೆ ಯಿಲ್ಲಾ ಎಂಬ ಇನ್ನೊಂದು ಪದವನ್ನು ಬಳಸುವುದು ನನಗೆ ಕ್ಷೇಮವೆನಿಸುತ್ತದೆ.

ನೋ, ಅಂದರೆ ತಿಳಿದಿರುವುದು, ಇದಕ್ಕಿಂತ ಸುಲಭ. ವಿಷಯ ತಿಳಿದಿರುವುದಕ್ಕೆ ವೇಟಾ, ವ್ಯಕ್ತಿಯ ಪರಿಚಯವಿರುವುದಕ್ಕೆ ಶೆನ್ನಾ, ಭಾಷೆಯೋ ವಿದ್ಯೆಯೋ ಬರುವುದಕ್ಕೆ ಕುನ್ನಾ. ‘ನನಗೆ ಗೊತ್ತು’, ‘ನನಗೆ ಅವರ ಪರಿಚಯವಿದೆ’, ‘ನನಗೆ ಸ್ವೀಡಿಷ್ ಬರುತ್ತದೆ’ ಎಂದು ಕನ್ನಡ ಮಾಡುವ ವಿಂಗಡಣೆಯೇ ಇದು. ಇಲ್ಲಿ ನಾನು ಒಂದು ಕ್ಷಣವೂ ತಡೆಯುವುದಿಲ್ಲ. ಆದರೆ ಆಸ್ಕ್ ಬಂದಾಗ ಕನ್ನಡ ಕೈಬಿಡುತ್ತದೆ. ಪ್ರಶ್ನೆ ಕೇಳುವುದಕ್ಕೆ ಫ್ರೋಗಾ, ಸಹಾಯ ಕೇಳುವುದಕ್ಕೆ ಬೇ ಎಂದು ಸ್ವೀಡಿಷ್ ಬೇರ್ಪಡಿಸುತ್ತದೆ. ನಮ್ಮ ‘ಕೇಳು’ ಇವೆರಡನ್ನೂ ಹೊತ್ತು, ಸಾಲದೆಂಬಂತೆ ಕಿವಿಗೆ ಬೀಳುವುದನ್ನೂ ಹೊರುತ್ತದೆ. ಗೋ ಎಂಬಲ್ಲಿಯೂ ಹಾಗೆಯೇ. ಸ್ವೀಡಿಷ್‌ನಲ್ಲಿ ಧ್ವನಿಯಲ್ಲಿ ಅದನ್ನೇ ಹೋಲುವ ಗೋ ಎಂಬ ಕ್ರಿಯಾಪದವಿದ್ದರೂ ಮನುಷ್ಯರಿಗೆ ಬಳಸಿದಾಗ ಅದರ ಮುಖ್ಯ ಅರ್ಥ ನಡೆದುಹೋಗುವುದು. ಬಸ್ಸು, ರೈಲು, ವಿಮಾನದಲ್ಲಿ ಹೋಗುವುದಕ್ಕೆ ಓಕಾ ಎನ್ನಬೇಕು. ಲಂಡನ್ನಿಗೆ ಹೋಗುವವರಿಗೆ ಗೋ ಬಳಸಿದರೆ ಗೋಥೆನ್‌ಬರ್ಗ್‌ನಿಂದ ಕಾಲ್ನಡಿಗೆಯಲ್ಲಿ ಹೊರಟಂತಾಗುತ್ತದೆ. ವಿಚಿತ್ರವೆಂದರೆ, ಆ್ಯಪಿನೊಳಗೆ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಎನ್ನುವುದಕ್ಕೆ ಗೋ ಎನ್ನುವುದೇ ಸರಿ, ಮತ್ತು ರೈಲು ಎಂಟು ಗಂಟೆಗೆ ಹೊರಡುತ್ತದೆ ಎನ್ನುವುದಕ್ಕೂ ಅದೇ ಪದ.

ಕೈಪಿಡಿಗಳಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದಿಡುವುದು ಪುಟ್ ಮತ್ತು ಪ್ಲೇಸ್. ವಸ್ತುವನ್ನು ಎಲ್ಲಿ ಇಡಬೇಕು ಎಂಬುದಷ್ಟೇ ಸ್ವೀಡಿಷ್‌ಗೆ ಸಾಲದು. ಇಟ್ಟ ಮೇಲೆ ಅದು ಮಲಗಿರುತ್ತದೆಯೇ, ನಿಂತಿರುತ್ತದೆಯೇ, ಎಲ್ಲಿಯಾದರೂ ಕೂತು ಕಚ್ಚಿಕೊಂಡಿರುತ್ತದೆಯೇ ಎಂದು ಹೇಳಬೇಕು. ಮಲಗಿಸುವುದಕ್ಕೆ ಲೆಗ್ಗಾ, ನಿಲ್ಲಿಸುವುದಕ್ಕೆ ಸ್ಟೆಲ್ಲಾ, ಕೂರಿಸುವುದಕ್ಕೆ ಸೆಟ್ಟಾ, ಜೇಬಿನೊಳಗೆ ತುರುಕುವುದಕ್ಕೆ ಸ್ಟೊಪ್ಪಾ. ಊಟದ ಮೇಜಿನ ಮೇಲೆ ಚಮಚ ಮಲಗಿರುತ್ತದೆ, ಲೋಟ ನಿಂತಿರುತ್ತದೆ. ಚಪ್ಪಟೆಯಾಗಿದ್ದರೂ ತಟ್ಟೆ ಸಹ ನಿಂತೇ ಇರುತ್ತದೆ, ಏಕೆಂದರೆ ಅದಕ್ಕೊಂದು ತಳವಿದೆ ಮತ್ತು ಅದು ತನ್ನ ತಳದ ಮೇಲಿದೆ. ಕೀಲಿಕೈ ಬೀಗದಲ್ಲಿ ಕೂತಿರುತ್ತದೆ. ಗೋಥೆನ್‌ಬರ್ಗ್ ನಗರ ಪಶ್ಚಿಮ ಕರಾವಳಿಯಲ್ಲಿ ಮಲಗಿದೆ. ಪತ್ರಿಕೆಯಲ್ಲಿ ಸುದ್ದಿ ಬಂದಿದೆ ಎಂದು ನಾವು ಹೇಳುವ ಕಡೆ ಸುದ್ದಿ ಪತ್ರಿಕೆಯಲ್ಲಿ ನಿಂತಿದೆ ಎಂದು ಇಲ್ಲಿಯವರು ಹೇಳುತ್ತಾರೆ. ಕನ್ನಡದ ‘ಇಡು’ ಇಂಗ್ಲಿಷಿನಷ್ಟೇ ಉದಾಸೀನದ ಪದವಾದ್ದರಿಂದ ಇಲ್ಲಿ ಸ್ವೀಡಿಷ್‌ನ ಕಣ್ಣಿನಿಂದಲೇ ನೋಡುವುದನ್ನು ರೂಢಿಸಿಕೊಳ್ಳಬೇಕಾಯಿತು. ಫೋನನ್ನು ಚಾರ್ಜಿಂಗ್ ಪ್ಯಾಡಿನ ಮೇಲೆ ಇಡಬೇಕು ಎಂದಿದ್ದರೆ, ಆ ಪ್ಯಾಡು ಚಪ್ಪಟೆಯಾಗಿದೆಯೋ ಓರೆಯಾಗಿ ನಿಲ್ಲುವ ಸ್ಟ್ಯಾಂಡೋ ಎಂಬುದರ ಮೇಲೆ ಕ್ರಿಯಾಪದ ನಿರ್ಧಾರವಾಗುತ್ತದೆ. ವಸ್ತುವಿನ ಚಿತ್ರ ಕಳುಹಿಸದೆ ಬರಿಯ ಪಠ್ಯವನ್ನು ಕಳುಹಿಸುವ ಕಂಪನಿಗಳಿಗೆ ಮೊದಲು ಚಿತ್ರ ಕಳುಹಿಸಿ ಎಂದು ಬರೆಯುತ್ತೇನೆ. ನನ್ನ ಪದಪಟ್ಟಿಯಲ್ಲಿ ವಸ್ತುವಿನ ಹೆಸರಿನ ಪಕ್ಕ ಅದರ ‘ಭಂಗಿ’ಗಾಗಿಯೇ ಒಂದು ಕಾಲಂ ಇದೆ, ಅದನ್ನು ನೋಡಿ ನನ್ನ ಪರಿಷ್ಕಾರಕರು ಮೊದಮೊದಲು ನಗುತ್ತಿದ್ದರು.

ನೆಂಟಸ್ತಿಕೆಯ ಪದಗಳ ಸಮಸ್ಯೆ ಕನ್ನಡಿಗರಿಗೆ ವಿವರಿಸಬೇಕಾದದ್ದಲ್ಲ. ತಾಯಿಯ ತಾಯಿ ಮೊರ್ಮೊರ್, ತಂದೆಯ ತಾಯಿ ಫಾರ್ಮೊರ್. ತಾಯಿಯ ಸಹೋದರ ಮೊರ್ಬ್ರೂರ್, ತಂದೆಯ ಸಹೋದರ ಫಾರ್ಬ್ರೂರ್. ಅಂತೆಯೇ ತಾಯಿಯ ಸಹೋದರಿ ಮುಸ್ತೆರ್, ತಂದೆಯ ಸಹೋದರಿ ಫಾಸ್ತೆರ್. ಸೋದರಮಾವ ಬೇರೆ, ಚಿಕ್ಕಪ್ಪ ಬೇರೆ ಎಂದು ತಿಳಿದು ಬೆಳೆದವರಿಗೆ ಅಂಕಲ್ ಎಂಬ ಪದ ಕಂಡೊಡನೆ ‘ಯಾವ ಕಡೆಯವರು?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ವ್ಯತ್ಯಾಸವೂ ಇದೆ: ದೊಡ್ಡಪ್ಪ, ಚಿಕ್ಕಪ್ಪ ಎಂಬ ಹಿರಿ-ಕಿರಿಯ ಲೆಕ್ಕ ಸ್ವೀಡಿಷ್‌ಗಿಲ್ಲ, ಆದರೆ ನಾವು ಎರಡೂ ಕಡೆಗೆ ಅಜ್ಜಿ ಎಂದುಬಿಡುವ ಜಾಗದಲ್ಲಿ ಅದು ಕಡೆಯನ್ನು ಕೇಳುತ್ತದೆ. ಮಕ್ಕಳ ಪುಸ್ತಕದಲ್ಲಿ ಸುಳಿವು ಹುಡುಕುವಾಗ ನಾನು ಮೊದಲು ನೋಡುವುದು ಮನೆತನದ ಹೆಸರನ್ನು. ಅಂಕಲ್‌ನ ಕುಲನಾಮವೂ ಮಗುವಿನ ಕುಲನಾಮವೂ ಒಂದೇ ಆಗಿದ್ದರೆ ಅವನು ತಂದೆಯ ಕಡೆಯವನಿರುವ ಸಂಭವ ಹೆಚ್ಚು, ಖಚಿತವಲ್ಲ. ಯಾವ ಸುಳಿವೂ ಸಿಗದಿದ್ದರೆ ಪ್ರಕಾಶಕರ ಮೂಲಕ ಲೇಖಕರನ್ನೇ ಕೇಳಬೇಕು. ಇನ್ನು, ನೆಂಟನಲ್ಲದ ಹಿರಿಯ ಗಂಡಸನ್ನು ಮಗು ಅಂಕಲ್ ಎನ್ನುವ ಸಂದರ್ಭದಲ್ಲಿ, ಸ್ವಲ್ಪ ಹಳೆಯ ಕಾಲದ ವಾಸನೆಯಿದ್ದರೂ, ಫಾರ್ಬ್ರೂರ್ ಎಂಬುದೇ ಒಪ್ಪುತ್ತದೆ.

ಹಿಸ್ ಎಂಬ ಸರ್ವನಾಮದಲ್ಲಿ ಕನ್ನಡದ ನೆರವು ಬಹಳ ಸೂಕ್ಷ್ಮವಾದದ್ದು, ಅಷ್ಟೇ ಅಪಾಯದ್ದು. ಒಬ್ಬನು ಹಿಸ್ ಹೆಂಡತಿಯನ್ನು ಕರೆದ ಎಂದು ಇಂಗ್ಲಿಷ್ ಹೇಳಿದರೆ ಯಾರ ಹೆಂಡತಿ ಎಂಬುದು ಸಂದರ್ಭದಿಂದ ತಿಳಿಯಬೇಕು. ‘ತನ್ನ ಹೆಂಡತಿ’, ‘ಅವನ ಹೆಂಡತಿ’ ಎಂದು ಬರಹದ ಕನ್ನಡ ಬಿಡಿಸುವಂತೆ ಸ್ವೀಡಿಷ್ ಸಿನ್ ಮತ್ತು ಹಾನ್ಸ್ ಎಂದು ಬಿಡಿಸುತ್ತದೆ. ಆದರೆ ‘ತನ್ನ ತಮ್ಮನಿಗೆ ಹುಷಾರಿಲ್ಲವೆಂದು ಅವನು ಹೇಳಿದ’ ಎಂಬ ವಾಕ್ಯದಲ್ಲಿ ಕನ್ನಡದ ‘ತನ್ನ’ ಉಪವಾಕ್ಯದ ಗೋಡೆಯನ್ನು ದಾಟಿ ಹೇಳಿದವನನ್ನೇ ಸೂಚಿಸಬಲ್ಲದು. ಸ್ವೀಡಿಷ್‌ನ ಸಿನ್ ಹಾಗೆ ದಾಟಲಾರದು, ಕರ್ತೃಪದದೊಳಗೆ ಬರಲೂ ಆರದು. ಅಲ್ಲಿ ಹಾನ್ಸ್ ಎಂದೇ ಬರೆಯಬೇಕು. ಈ ಒಂದು ನಿಯಮವನ್ನು ನಾನು ಮನಸ್ಸಿನ ಭರವಸೆಗೆ ಬಿಡದೆ, ಕೊನೆಯಲ್ಲಿ ಪಠ್ಯವಿಡೀ ಹುಡುಕಿ ಪ್ರತಿಯೊಂದು ಸಿನ್ ಅನ್ನೂ ಪರೀಕ್ಷಿಸುತ್ತೇನೆ.

ಇಂಗ್ಲಿಷಿನ ಯುವರ್ ಮತ್ತು ಪ್ಲೀಸ್ ಎಂಬ ಎರಡು ಪದಗಳನ್ನು ನಾನು ಬಹುತೇಕ ಅಳಿಸುತ್ತೇನೆ. ನಿಮ್ಮ ಹಲ್ಲುಗಳನ್ನು ಉಜ್ಜಿಕೊಳ್ಳಿ ಎಂದು ಇಂಗ್ಲಿಷಿನಂತೆ ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ‘ಹಲ್ಲುಜ್ಜು’ ಎಂದರೆ ಸಾಕು. ಸ್ವೀಡಿಷ್‌ನಲ್ಲಿಯೂ ಹಲ್ಲು ಎಂಬ ನಾಮಪದಕ್ಕೆ ನಿರ್ದಿಷ್ಟತೆಯ ಪ್ರತ್ಯಯ ಹಚ್ಚಿದರೆ ಸಾಕು. ಪ್ಲೀಸ್‌ಗೆ ಸರಿಸಮವಾದ ಒಂದೇ ಪದ ಸ್ವೀಡಿಷ್‌ಗಿಲ್ಲ. ಸ್ನೆಲ್ಲಾ ಎಂದರೆ ಅಂಗಲಾಚಿದಂತೆ, ವೆನ್ಲಿಗೆನ್ ಎಂದರೆ ಕಚೇರಿಯ ಫಲಕದಂತೆ, ಕಾಫಿ ಕೇಳಿದ ಮೇಲೆ ಸೇರಿಸುವ ಟಾಕ್ ಎಂದರೆ ಧನ್ಯವಾದ. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವಾಗ ಇವು ಯಾವುವೂ ಬೇಡ; ನೇರ ವಿಧಿರೂಪವೇ ಸಭ್ಯ. ಸಂಬೋಧನೆಯಲ್ಲಿ ನೀನು-ನೀವುಗಳ ಸಂಸ್ಕಾರದಿಂದ ಬಂದವರು ಎಚ್ಚರವಾಗಿರಬೇಕು. ಹಿಂದೆ ಸ್ವೀಡನ್ನಿನಲ್ಲಿ ಹಿರಿಯರನ್ನೂ ಅಧಿಕಾರಿಗಳನ್ನೂ ಪದವಿಯ ಹೆಸರು ಹಿಡಿದು ಪ್ರಥಮ ಪುರುಷದಲ್ಲಿಯೇ ಮಾತನಾಡಿಸುತ್ತಿದ್ದರು. 1967ರಲ್ಲಿ ವೈದ್ಯಕೀಯ ಆಡಳಿತ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಸಿಬ್ಬಂದಿಯೆಲ್ಲರನ್ನೂ ಡು, ಅಂದರೆ ನೀನು, ಎಂದೇ ಕರೆಯುವುದಾಗಿ ಘೋಷಿಸಿದ್ದು, ಆಗಲೇ ಆರಂಭವಾಗಿದ್ದ ಬದಲಾವಣೆಗೆ ಹೆಗ್ಗುರುತಾಯಿತು. ನಿ ಎಂಬ ಬಹುವಚನ ಹಿಂದೆ ಕೆಳಗಿನವರಿಗೆ ಮೇಲಿನವರು ಬಳಸುವ ಪದವೆಂಬ ಕಹಿಯನ್ನೂ ಹೊತ್ತಿತ್ತು. ಇಂದು ಅಂಗಡಿಯ ಕೆಲವು ಎಳೆಯರು ಗೌರವವೆಂದು ಭಾವಿಸಿ ಅದನ್ನು ಬಳಸಿದರೆ ಕೆಲವು ಹಿರಿಯರಿಗೆ ಮುಜುಗರವಾಗುತ್ತದೆ. ಹೀಗಾಗಿ ಬ್ಯಾಂಕಿನ ಆ್ಯಪಾಗಲಿ ಆಸ್ಪತ್ರೆಯ ಪತ್ರವಾಗಲಿ, ಒಬ್ಬರನ್ನು ಉದ್ದೇಶಿಸಿದ್ದರೆ ನಾನು ಡು ಎಂದೇ ಬರೆಯುತ್ತೇನೆ.

ಔಷಧಿಯ ಚೀಟಿಯಲ್ಲಿ ಛಾಯೆಯ ವ್ಯತ್ಯಾಸ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ವಾಹನ ಓಡಿಸಕೂಡದು ಎಂಬ ಅರ್ಥದ ಇಂಗ್ಲಿಷಿನ ಮಸ್ಟ್ ನಾಟ್ ಅನ್ನು ಪದಶಃ ಮೋಸ್ಟೆ ಇಂತೆ ಎಂದು ಮಾಡಿದರೆ, ‘ಓಡಿಸಲೇಬೇಕೆಂದಿಲ್ಲ’ ಎಂದು ಓದುಗರು ತಿಳಿಯಬಹುದು. ನಿಷೇಧಕ್ಕೆ ಫೋರ್ ಇಂತೆ ಎನ್ನಬೇಕು. ‘ಕೂಡದು’ ಮತ್ತು ‘ಬೇಕಾಗಿಲ್ಲ’ ಎಂದು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಈ ಎಡವಟ್ಟು ತಪ್ಪುತ್ತದೆ. ಡೇ ಎಂಬುದಕ್ಕೂ ಇದೇ ಎಚ್ಚರ ಬೇಕು. ಹಗಲನ್ನೂ ಸೂಚಿಸಬಲ್ಲ ದಾಗ್ ಒಂದು, ಹಗಲು ರಾತ್ರಿ ಸೇರಿದ ಇಪ್ಪತ್ತನಾಲ್ಕು ಗಂಟೆಗಳ ಡ್ಯುಂಗ್ನ್ ಇನ್ನೊಂದು. ನಮ್ಮ ಅಹೋರಾತ್ರಿಗೆ ಇದು ಹತ್ತಿರ. ಗರಿಷ್ಠ ಪ್ರಮಾಣವನ್ನು ಹೇಳುವಲ್ಲಿ ನಾನು ಡ್ಯುಂಗ್ನ್ ಎಂದೇ ಬರೆಯುತ್ತೇನೆ, ಮಧ್ಯರಾತ್ರಿಯಾದೊಡನೆ ಲೆಕ್ಕ ಹೊಸದಾಗಿ ಶುರುವಾಗುತ್ತದೆಂದು ಯಾರೂ ತಿಳಿಯಬಾರದು.

ಸಂಖ್ಯೆಗಳದ್ದು ಸಣ್ಣ ವಿಷಯ, ಆದರೆ ಒಮ್ಮೆ ತಪ್ಪಿದರೆ ಸಾವಿರಪಟ್ಟು ತಪ್ಪುತ್ತದೆ. ಇಂಗ್ಲಿಷಿನ ಬಿಲಿಯನ್, ಅಂದರೆ ನೂರು ಕೋಟಿ, ಸ್ವೀಡಿಷ್‌ನಲ್ಲಿ ಮಿಲ್ಯಾರ್ಡ್. ಅಲ್ಲಿನ ಬಿಲ್ಯೂನ್ ಎಂದರೆ ಒಂದು ಲಕ್ಷ ಕೋಟಿ. ಮೈಲಿಗೂ ಸ್ವೀಡಿಷ್‌ನ ಮೀಲ್‌ಗೂ ಹೆಸರಿನಲ್ಲಷ್ಟೇ ನಂಟು. ಮೀಲ್ ಎಂದರೆ 10 ಕಿಲೋಮೀಟರು. ಗಡಿಯಾರದ ಸಮಯ ಹೇಳುವಾಗ ಹಾಲ್ವ್ ಟ್ರೇ ಎಂದರೆ ಮೂರೂವರೆ ಅಲ್ಲ, ಎರಡೂವರೆ. ಎವೆಂಟುವೆಲ್ಟ್ ಎಂದರೆ ಕೊನೆಗೆ ಎಂದಲ್ಲ, ಒಂದು ವೇಳೆ ಎಂದು. ನೊವೆಲ್ ಎಂದರೆ ಸಣ್ಣಕತೆ. ಶೇಫ್ ಎಂದರೆ ಅಡುಗೆಯವರಲ್ಲ, ಮೇಲಧಿಕಾರಿ. ಇಂಥ ಮೋಸದ ಜೋಡಿಗಳು ಪುಸ್ತಕಗಳಲ್ಲಿ ಪಟ್ಟಿಯಾಗಿ ಸಿಗುವುದರಿಂದ ಹೆಚ್ಚು ಬರೆಯುವ ಅಗತ್ಯವಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಒಂದು ಪದವಿದ್ದು ಸ್ವೀಡಿಷ್‌ನಲ್ಲಿ ಹಲವಿರುವ ಸಂಗತಿ. ಇದಕ್ಕಿಂತ ಕಠಿಣವಾದದ್ದು ಇಂಗ್ಲಿಷಿನಲ್ಲಿ ಪದವೇ ಇಲ್ಲದ ಕಡೆ ಸ್ವೀಡಿಷ್ ಒಂದು ಪದವನ್ನು ಬಯಸುವುದು. ಯೂ, ವೇಲ್, ನೂಗ್, ವಿಸ್ಟ್ ಎಂಬ ಪುಟ್ಟ ಅವ್ಯಯಗಳು ವಾಕ್ಯದ ನಡುವೆ ಒತ್ತಿಲ್ಲದೆ ಕೂತು, ಹೇಳುವವರ ಮತ್ತು ಕೇಳುವವರ ನಡುವಿನ ತಿಳಿವಳಿಕೆಯನ್ನು ಸೂಚಿಸುತ್ತವೆ. ಇಂಗ್ಲಿಷ್ ಇದನ್ನು ಧ್ವನಿಯ ಏರಿಳಿತದಿಂದಲೋ ವಾಕ್ಯದ ಬಾಲಕ್ಕೆ ಕಟ್ಟುವ ಪ್ರಶ್ನೆಯಿಂದಲೋ ತೋರಿಸುತ್ತದೆ, ಅನೇಕ ವೇಳೆ ತೋರಿಸುವುದೇ ಇಲ್ಲ. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಭಾಷಾ ಸಂಶೋಧಕ ಮಾರ್ಟಿನ್ ಯೆಲ್ಲೆರ್‌ಸ್ಟಾಮ್ 1986ರಲ್ಲಿ, ಇಂಗ್ಲಿಷಿನಿಂದ ಅನುವಾದವಾದ ಸ್ವೀಡಿಷ್ ಕಾದಂಬರಿಗಳನ್ನು ಸ್ವೀಡಿಷ್‌ನಲ್ಲೇ ಬರೆದ ಕಾದಂಬರಿಗಳ ಜೊತೆ ಹೋಲಿಸಿ, ಅನುವಾದದ ಸ್ವೀಡಿಷ್‌ಗೆ ತನ್ನದೇ ಆದ ಗುರುತುಗಳಿವೆ ಎಂದು ತೋರಿಸಿದರು. ವ್ಯಾಕರಣದಲ್ಲಿ ಎಲ್ಲೂ ತಪ್ಪಿಲ್ಲದ ಪಠ್ಯವೂ ಅನುವಾದವೆಂದು ಗುರುತು ಸಿಗುವುದು ಪದಗಳ ಇಂಥ ಹೆಚ್ಚುಕಡಿಮೆಯಿಂದ. ಮೂಲದಲ್ಲಿ ಎಳೆದು ತರುವ ಪದವಿಲ್ಲವಾದ್ದರಿಂದ ಈ ಅವ್ಯಯಗಳು ಅನುವಾದಕರ ಲೇಖನಿಗೆ ತಾವಾಗಿ ಬರುವುದಿಲ್ಲ.

ಇಲ್ಲಿ ಕನ್ನಡ ನನಗೆ ಕೊಟ್ಟಷ್ಟು ಸಹಾಯವನ್ನು ಯಾವ ವ್ಯಾಕರಣವೂ ಕೊಟ್ಟಿಲ್ಲ. ಕೇಳುವವರಿಗೆ ಆಗಲೇ ತಿಳಿದಿರುವುದನ್ನು ನೆನಪಿಸುವ ಯೂ ನಮ್ಮ ‘ಗೊತ್ತಲ್ಲ’ದಲ್ಲಿರುವ ‘ಅಲ್ಲ’. ಒಪ್ಪಿಗೆಯನ್ನು ನಿರೀಕ್ಷಿಸಿ ಕೇಳುವ ವೇಲ್ ನಮ್ಮ ‘ಬರುತ್ತೀಯ ತಾನೇ?’ಯಲ್ಲಿರುವ ‘ತಾನೇ’. ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವಾಗ ಬರುವ ನೂಗ್ ‘ಆಗುತ್ತೆ ಬಿಡಿ’ ಎಂಬುದರ ‘ಬಿಡಿ’ಗೆ ಹತ್ತಿರ. ಅವರಿಗೆ ಹುಷಾರಿಲ್ಲವಂತೆ, ಅವರು ಲುಂಡ್‌ನಲ್ಲಿದ್ದಾರಂತೆ ಎನ್ನುವಾಗಿನ ‘ಅಂತೆ’ಗೆ ವಿಸ್ಟ್ ಇದೆ, ಇನ್ನಷ್ಟು ಬರಹದ ಧಾಟಿಯಲ್ಲಿ ಲೇರ್ ಎಂಬ ಸಹಾಯಕ ಕ್ರಿಯಾಪದವೂ ಇದೆ. ಇಂಗ್ಲಿಷಿನಲ್ಲಿ ಅಪ್ಯಾರೆಂಟ್ಲಿ ಎಂಬ ಉದ್ದನೆಯ ಪದವನ್ನು ಕಂಡಾಗ ನಿಘಂಟು ಕೊಡುವ ಅಷ್ಟೇ ಉದ್ದದ ಪದದ ಬದಲು, ‘ಅಂತೆ’ ಎಂದು ಹೇಳಿಕೊಂಡು ವಿಸ್ಟ್ ಬರೆದರೆ ಸಂಭಾಷಣೆ ಉಸಿರಾಡುತ್ತದೆ. ನನ್ನ ಅಭ್ಯಾಸ ಹೀಗಿದೆ: ಅನುವಾದ ಮುಗಿದ ಮೇಲೆ ಮೂಲವನ್ನು ಮುಚ್ಚಿಟ್ಟು ಸಂಭಾಷಣೆಗಳನ್ನು ಸ್ವೀಡಿಷ್‌ನಲ್ಲಿ ಗಟ್ಟಿಯಾಗಿ ಓದುತ್ತೇನೆ, ಒಂದು ಸಾಲು ಬೋಳಾಗಿ ಕೇಳಿಸಿದರೆ ಅದನ್ನು ಕನ್ನಡದಲ್ಲಿ ಆಡಿ ನೋಡುತ್ತೇನೆ, ಬಾಯಿಗೆ ‘ಅಲ್ಲ’, ‘ತಾನೇ’, ‘ಅಂತೆ’ ಬಂದ ಕಡೆ ಅವ್ಯಯದ ಜಾಗ ಸಿಕ್ಕಂತೆ. ಆಮೇಲೆ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸ್ಪ್ರೋಕ್‌ಬಾಂಕೆನ್ ಎಂಬ ಭಾಷಾ ಸಂಶೋಧನಾ ಘಟಕ ನಡೆಸುವ, ಪಠ್ಯಸಂಗ್ರಹಗಳಲ್ಲಿ ಹುಡುಕುವ ಕೊರ್ಪ್ ಎಂಬ ಸಾಧನದಲ್ಲಿ ಆ ಬಗೆಯ ವಾಕ್ಯ ನಿಜವಾಗಿ ಬಳಕೆಯಲ್ಲಿದೆಯೇ ಎಂದು ಹುಡುಕುತ್ತೇನೆ. ಅರ್ಥದ ಎಲ್ಲೆಯ ಬಗ್ಗೆ ಸಂಶಯವಿದ್ದರೆ ಸ್ವೀಡಿಷ್ ಅಕಾಡೆಮಿಯ ನಿಘಂಟುಗಳನ್ನು ನೋಡುತ್ತೇನೆ. ಅವು ಅಂತರ್ಜಾಲದಲ್ಲಿ ಒಂದೇ ಕಡೆ ಉಚಿತವಾಗಿ ಸಿಗುತ್ತವೆ. ಆದರೆ ಯೂ ಹೆಚ್ಚಾದರೆ ಬರಹ ಓದುಗರಿಗೆ ಬುದ್ಧಿ ಹೇಳಿದಂತೆ ಕೇಳಿಸುತ್ತದೆ ಎಂಬುದು ನನ್ನ ಪರಿಷ್ಕಾರಕರ ಖಚಿತ ಅಭಿಪ್ರಾಯ, ಮತ್ತು ಅವರು ಅಳಿಸಿದ್ದನ್ನು ನಾನು ಮರಳಿ ಸೇರಿಸುವುದಿಲ್ಲ.

ಈಚೆಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಯಂತ್ರಾನುವಾದದ ತಿದ್ದುಪಡಿ. ಯಂತ್ರದ ಸ್ವೀಡಿಷ್ ನಯವಾಗಿಯೇ ಇರುತ್ತದೆ, ಆದರೆ ಸಾಲುಗಳನ್ನು ಬಿಡಿಬಿಡಿಯಾಗಿ ಕೊಟ್ಟಾಗ ಅದು ಯಾರನ್ನೂ ಏನನ್ನೂ ವಿಚಾರಿಸದೆ ಆಯ್ಕೆ ಮಾಡಿಬಿಡುತ್ತದೆ: ಒಂದು ಪುಟದಲ್ಲಿ ಮೊರ್ಮೊರ್ ಆಗಿದ್ದ ಅಜ್ಜಿ ಮುಂದಿನ ಪುಟದಲ್ಲಿ ಫಾರ್ಮೊರ್ ಆಗುತ್ತಾಳೆ, ಮಲಗಬೇಕಾದ ಫೋನು ನಿಲ್ಲುತ್ತದೆ. ನಯವಾದ ವಾಕ್ಯದಲ್ಲಿ ಅಡಗಿದ ತಪ್ಪನ್ನು ಹಿಡಿಯುವುದು ಒರಟು ವಾಕ್ಯವನ್ನು ತಿದ್ದುವುದಕ್ಕಿಂತ ನಿಧಾನದ ಕೆಲಸ. ಆದ್ದರಿಂದ ತಿದ್ದುಪಡಿಯ ಕೆಲಸದಲ್ಲಿಯೂ ನಾನು ಮೊದಲು ಇಂಗ್ಲಿಷ್ ಮೂಲವನ್ನಷ್ಟೇ ಓದಿ ಅಂಚಿನ ಪ್ರಶ್ನೆಗಳನ್ನು ಬರೆದುಕೊಂಡು, ಬಳಿಕವೇ ಯಂತ್ರದ ಪಠ್ಯವನ್ನು ತೆರೆಯುತ್ತೇನೆ. ಕಂಪನಿಗೆ ಕಳುಹಿಸುವ ಪ್ರಶ್ನೆಗಳ ಹಾಳೆಯನ್ನು ಸಿದ್ಧಪಡಿಸುವ ಸಮಯ ಪದಕ್ಕಿಷ್ಟು ಎಂಬ ದರದಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಅದನ್ನು ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬಿಲ್ಲಿನಲ್ಲಿ ಸೇರಿಸುತ್ತೇನೆ, ಮತ್ತು ಕೆಲಸ ಒಪ್ಪಿಕೊಳ್ಳುವಾಗಲೇ ಅದನ್ನು ತಿಳಿಸುತ್ತೇನೆ.